ಆರು ರನ್ನಿನ ಸೋಲು, ಮತ್ತೆ ನಿಮ್ಮ ‘ಮೆರಿಟ್ಟು’



ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಮೊನ್ನೆ ಮತ್ತೆ ಅದೇ ಹಳೇ ಮೆಸೇಜು: ‘ಕ್ರಿಕೆಟ್ಟಿನಲ್ಲಿ ಮೀಸಲಾತಿ ಇಲ್ಲ, ಅದಕ್ಕೇ ಇಂಡಿಯಾ ಗೆಲ್ಲುತ್ತೆ.’ ಕೆಳಗೆ ಹತ್ತು ಜನರ ಚಪ್ಪಾಳೆ. ಇಬ್ಬರು ನನ್ನ ಪಕ್ಕದ ಟೇಬಲ್ಲಿನವರೇ. ಅಲ್ಲಿ ಉತ್ತರ ಕೊಟ್ಟರೆ ‘ಆಫೀಸ್ ವಿಷಯ ಮಾತ್ರ ಹಾಕಿ’ ಅಂತಾರೆ. ಅದಕ್ಕೆ ಇಲ್ಲಿ ಬರೀತಿದೀನಿ.

2010ರ ಜನವರಿ. ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ, ಮುಂಬೈ ರಣಜಿ ಫೈನಲ್. ನಾಲ್ಕನೇ ದಿನ ಸಂಕ್ರಾಂತಿ. ನಾನು, ನಮ್ಮ ಕೇರಿಯ ಇನ್ನೊಬ್ಬ ಹುಡುಗ, ಗುಂಡ್ಲುಪೇಟೆಯಿಂದ ಬೆಳಿಗ್ಗೆ ಮೊದಲನೇ ಬಸ್ಸು ಹಿಡಿದು ಹೋದೋ. ಕಾಲಿಡಕ್ಕೆ ಜಾಗ ಇಲ್ಲ, ಜನ ಮರ ಹತ್ತಿ ಕೂತಿದ್ರು. ಗೆಲ್ಲಕ್ಕೆ 338 ಬೇಕು. ಇಪ್ಪತ್ತು ವರ್ಷದ ಮನೀಶ್ ಪಾಂಡೆ 144 ಹೊಡೆದ್ರು, ಗಣೇಶ್ ಸತೀಶ್ 75. ಇನ್ನೇನು ಗೆದ್ದೋ ಅನ್ನೋ ಹೊತ್ತಿಗೆ ಎಲ್ಲಾ ಕುಸೀತು. ಅಗರ್ಕರ್‌ಗೆ ಐದು ವಿಕೆಟ್. 331ಕ್ಕೆ ಆಲೌಟ್. ಆರೇ ಆರು ರನ್ನು! ವಾಪಸ್ ಬರುವಾಗ ನಂಜನಗೂಡು ದಾಟೋವರೆಗೂ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಅವನೇ ಕೇಳಿದ: ‘ಅಣ್ಣ, ಆ ಚೆಂಡು ಕೈಲಿ ಹಿಡಿದ್ರೆ ಎಷ್ಟು ತೂಕ ಬತ್ತದೆ?’

ಕೇಳಿದವನು ಎಡಗೈ ಸ್ಪಿನ್ನರ್. ಚರ್ಮ ಹದ ಮಾಡಿ ಬದುಕಿದ ಜನರ ಮಗನಿಗೆ ಚರ್ಮದ ಚೆಂಡಿನ ತೂಕ ಗೊತ್ತಿಲ್ಲ. ಆಡಿದ್ದೆಲ್ಲಾ ಟೆನಿಸ್ ಬಾಲ್ ಟೂರ್ನಮೆಂಟು. ಮೇಲಿನ ಬೀದಿ ಟೀಮಿನವರು ಕೇರಿ ಬಾಯಿಗೆ ಬೈಕ್ ತಂದು ನಿಲ್ಲಿಸಿ ಕರ್ಕೊಂಡು ಹೋಗೋರು. ಅವನ ಓವರ್ ಹಾಕ್ಸಿ ಕಪ್ ಗೆಲ್ಲೋರು. ಊಟದ ಹೊತ್ತಿಗೆ ಮಾತ್ರ ಅವನಿಗೆ ಬೇರೆ ಎಲೆ, ಪ್ಲಾಸ್ಟಿಕ್ ಲೋಟ, ಹುಣಸೆಮರದ ನೆರಳು. ಅವನ ಬೆವರು ಹತ್ತಿದ ಚೆಂಡನ್ನ ಎಲ್ಲರೂ ಹಿಡೀಬಹುದು. ಅವನು ಮುಟ್ಟಿದ ಚೊಂಬು ಆಗಲ್ಲ.

ಇದು ನೂರು ವರ್ಷದ ಹಳೇ ಆಟ ಕಣ್ರಪ್ಪ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಚಮ್ಮಾರ ಜಾತಿಯವರು. ಅವರೂ ಎಡಗೈ ಸ್ಪಿನ್ನರ್ರೇ. ಪುಣೆಯ ಬಿಳಿಯರ ಕ್ಲಬ್ಬಲ್ಲಿ ಪಿಚ್ ನೋಡ್ಕೊಳ್ಳೋ ಕೂಲಿ, ಅಲ್ಲೇ ಸಾಹೇಬರಿಗೆ ನೆಟ್ಟಲ್ಲಿ ಬಾಲ್ ಹಾಕಿ ಹಾಕಿ ಪಳಗಿದ್ರು. ಬಿಳಿಯರನ್ನ ಸೋಲಿಸಬೇಕು ಅಂತ ಹಿಂದೂಗಳ ಟೀಮು ಅವರನ್ನ ಸೇರಿಸ್ಕೊಂಡ್ತು. ಚಹಾ ಮಾತ್ರ ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದವರು ಅವರು, ಕ್ಯಾಪ್ಟನ್ ಪಟಿಯಾಲಾ ಮಹಾರಾಜ! ಹಿಂದೂ ಟೀಮಿನ ನಾಯಕತ್ವ ಅವರ ತಮ್ಮ ವಿಠಲ್‌ಗೆ ಸಿಕ್ಕಿದ್ದು 1923ರಲ್ಲಿ, ಅದೂ ತಮ್ಮಂದಿರು ಆಡಲ್ಲ ಅಂತ ಪ್ರತಿಭಟನೆ ಮಾಡಿದ ಮೇಲೆ. (ಇದೇ ಬಾಳೂ 1937ರಲ್ಲಿ ಕಾಂಗ್ರೆಸ್ಸಿಂದ ಬಾಬಾಸಾಹೇಬರ ಎದುರು ನಿಂತು ಸೋತ್ರು. ಅದು ನಮಗೆ ನೋವೇ. ಆದ್ರೂ ಆ 114 ವಿಕೆಟ್ಟನ್ನ ನಾನು ಬಿಟ್ಟುಕೊಡಲ್ಲ.)

‘ವಿನಯ್ ಕುಮಾರ್ ಬರಲಿಲ್ವಾ? ದಾವಣಗೆರೆ ಆಟೋ ಡ್ರೈವರ್ ಮಗ’ ಅಂತೀರಿ. ನಿಜ, ಆ ಫೈನಲ್ಲಲ್ಲೂ ಅವರಿದ್ರು, ಅವರ ದುಡಿಮೆಗೆ ಕೈ ಮುಗೀತೀನಿ. ಆದ್ರೆ ಇಷ್ಟು ವರ್ಷದಿಂದ ನೀವು ಅದೊಂದೇ ಹೆಸರು ಹೇಳ್ತಿದೀರಲ್ಲ, ಎರಡನೇದು ಹೇಳಿ ನೋಡೋಣ. ಪ್ಯಾಡು, ಕೋಚು, ಬೆಂಗಳೂರಿನ ಬಸ್ ಚಾರ್ಜು, ಅಲ್ಲಿ ಉಳಿಯಕ್ಕೆ ಒಂದು ನೆಂಟರ ಮನೆ. ಇದೆಲ್ಲಾ ಹುಟ್ಟುತ್ತಲೇ ಸಿಕ್ಕವನಿಗೆ ಅದು ಮೀಸಲಾತಿ ಅಲ್ವಾ? ಸೆಲೆಕ್ಷನ್ ದಿನ ಬಂದು ಮೆರಿಟ್ ಅಳೀತೀರಿ. ಅದಕ್ಕೆ ಮುಂಚಿನ ಹತ್ತು ವರ್ಷ ಅಳೆಯೋರು ಯಾರು?

ಆ ಹುಡುಗ ಈಗ ಅರಿಶಿನ ಬೇಯಿಸೋ ಕೂಲಿಗೆ ಹೋಗ್ತಾನೆ. ಮಗಳು ಸರ್ಕಾರಿ ಹಾಸ್ಟೆಲ್ಲಲ್ಲಿ ಓದ್ತಿದ್ದಾಳೆ. ಅವಳೂ ಎಡಗೈ.

ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಲ್ಲೇ ಬಂದಿದೆ. ಆ ದುಡ್ಡಲ್ಲಿ ಚಾಮರಾಜನಗರ, ಗುಂಡ್ಲುಪೇಟೆಯ ಹಾಸ್ಟೆಲ್ಲುಗಳಿಗೆ ಮ್ಯಾಟು, ನೆಟ್ಟು, ಚರ್ಮದ ಬಾಲು, ವಾರಕ್ಕೆರಡು ದಿನ ಕೋಚು ಕೇಳೋಣ. ಮುಂದಿನ ಕುಂದುಕೊರತೆ ಸಭೆಗೆ ಎಲ್ಲರೂ ಬನ್ನಿ. ಅರ್ಜಿ ನಾನೇ ಬರೆದಿಟ್ಟಿದೀನಿ, ಗುಮಾಸ್ತ ಅಲ್ವಾ. ನಿಮ್ಮ ಸಹಿ ಬೇಕು.

ಜೈ ಭೀಮ್.