ಹಾಳೆಯನ್ನು ತಡೆಯಿರಿ, ಹೆಸರನ್ನು ಬರೆದಿಡಬೇಡಿ

ಸಾರನಾಥದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಕೆಳಗೆ ಮಾಲೀಕರ ಸಂಸಾರ, ಮಹಡಿಯಲ್ಲಿ ಬಾಡಿಗೆಗೆ ಕೊಟ್ಟ ಮೂರು ಕೋಣೆ. ಅಲ್ಲಿರುವವರು 1967ರಲ್ಲಿ ಶುರುವಾದ ಊರಿನ ಕೇಂದ್ರೀಯ ಉನ್ನತ ಟಿಬೆಟನ್ ಅಧ್ಯಯನ ಸಂಸ್ಥೆಯ ವಿದ್ಯಾರ್ಥಿಗಳು. ಒಬ್ಬ ಬೈಲಕುಪ್ಪೆಯವನು, ಒಬ್ಬಳು ಮುಂಡಗೋಡಿನವಳು, ಇಬ್ಬರಿಗೂ ಕನ್ನಡ ಬರುತ್ತದೆ. ಮನೆಗೆಲ್ಲ ಸೇರಿ ಒಂದೇ ಲೇಸರ್ ಪ್ರಿಂಟರು. ಅದರ ಪಕ್ಕದಲ್ಲಿ ಎಟಿಎಂ ಕಾರ್ಡಿನಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು, ಅದರೊಳಗೆ ಕಪ್ಸ್ ಎಂಬ ಉಚಿತ ತಂತ್ರಾಂಶ. ವೈಫೈಗೆ ಸೇರಿದ ಯಾರ ಫೋನಿನಿಂದ ಪ್ರಿಂಟ್ ಕೊಟ್ಟರೂ ಹಾಳೆ ಹೊರಗೆ ಬರುತ್ತದೆ.

ಕೆಲವು ತಿಂಗಳಲ್ಲಿ ಕಿರಿಕಿರಿ ಶುರುವಾಗುತ್ತದೆ. ಯಾರೋ ಕೊಟ್ಟ ನಲವತ್ತು ಪುಟ ಟ್ರೇಯಲ್ಲೇ ಬಿದ್ದಿರುತ್ತದೆ. ಒಬ್ಬರ ಬ್ಯಾಂಕ್ ಸ್ಟೇಟ್‌ಮೆಂಟು ಇನ್ನೊಬ್ಬರ ಕೈಗೆ ಸಿಗುತ್ತದೆ. ಟೋನರ್ ಮುಗಿದಾಗ ಮುಗಿಸಿದ್ದು ನಾನೇ ಎಂದು ಯಾರೂ ಒಪ್ಪುವುದಿಲ್ಲ. ಆಗ ಎಂಜಿನಿಯರಿಂಗ್ ಓದಿದ ಮನೆಯ ಮಗ ಕೆಲವು ನೂರು ರೂಪಾಯಿಯ ಕಾರ್ಡ್ ರೀಡರ್ ತಂದು ಪೈಗೆ ಜೋಡಿಸಿ, ತಲೆಗೊಂದು ಕಾರ್ಡು ಹಂಚುತ್ತಾನೆ. ಇನ್ನು ಮೇಲೆ ಪ್ರಿಂಟ್ ಕೊಟ್ಟ ಫೈಲು ಕಾಯುತ್ತದೆ. ಪ್ರಿಂಟರಿನ ಮುಂದೆ ನಿಂತು ಕಾರ್ಡು ಮುಟ್ಟಿಸಿದರಷ್ಟೇ ಹಾಳೆ ಬರುತ್ತದೆ. ಎಲ್ಲರಿಗೂ ಸಮಾಧಾನ.

ಇಂಥ ಮನೆ ಸಾರನಾಥದಲ್ಲೇ ಇರಬೇಕಿಲ್ಲ. ವಿಜಯನಗರದ ಪೀಜಿಯೂ ಆಗಬಹುದು, ಧಾರವಾಡದ ಬಾಡಿಗೆ ಮನೆಯೂ ಆಗಬಹುದು. ಎಲ್ಲೇ ಇರಲಿ, ಆ ಮಗ ಅರ್ಧ ಸಮಸ್ಯೆಯನ್ನು ಚೆನ್ನಾಗಿ ಬಗೆಹರಿಸಿ, ಉಳಿದರ್ಧದ ಹೆಸರಿನಲ್ಲಿ ಕಚೇರಿಯ ಕೆಟ್ಟ ಚಾಳಿಯೊಂದನ್ನು ಮನೆಯೊಳಗೆ ತಂದಿದ್ದಾನೆ. ಹಾಳೆ ಕಾಯುವುದು ಸರಿ. ಯಾರು, ಯಾವಾಗ, ಏನನ್ನು ಪ್ರಿಂಟ್ ಮಾಡಿದರು ಎಂದು ಯಂತ್ರ ಬರೆದಿಟ್ಟುಕೊಳ್ಳುವುದು ತಪ್ಪು. ಮನೆಗೆ ಮೊದಲನೆಯದು ಸಾಕು, ಎರಡನೆಯದು ಬೇಡವೇ ಬೇಡ.

ಈ ಏರ್ಪಾಡು ಹುಟ್ಟಿದ್ದು ದೊಡ್ಡ ಕಚೇರಿಗಳಲ್ಲಿ. ಅಲ್ಲಿ ಅದಕ್ಕೆ ಎರಡು ಉದ್ದೇಶ. ಒಂದು, ಸಂಬಳದ ಪಟ್ಟಿಯೋ ವಜಾ ಪತ್ರವೋ ಟ್ರೇಯಲ್ಲಿ ಅನಾಥವಾಗಿ ಬಿದ್ದಿರಬಾರದು. ಇನ್ನೊಂದು, ಯಾವ ವಿಭಾಗ ಎಷ್ಟು ಪುಟ ಖರ್ಚು ಮಾಡಿತೆಂದು ಲೆಕ್ಕ ಸಿಗಬೇಕು. ಮೊದಲನೆಯದು ಪ್ರಿಂಟ್ ಕೊಟ್ಟವರ ಗುಟ್ಟನ್ನು ಕಾಯುತ್ತದೆ. ಎರಡನೆಯದು ಅದೇ ಗುಟ್ಟನ್ನು ಮೇಲಿನವರಿಗೆ ಒಪ್ಪಿಸುತ್ತದೆ. ಒಂದೇ ಕಾರ್ಡು ಎರಡೂ ಕೆಲಸ ಮಾಡುವುದರಿಂದ ಇವು ಒಂದಕ್ಕೊಂದು ಎದುರು ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಕಾರ್ಡಿನ ಭದ್ರತೆ ಎಷ್ಟರದ್ದು ಎಂಬುದನ್ನೂ ನೋಡಬೇಕು. ಮನೆಯಲ್ಲಿ ಮಾಡಿಕೊಳ್ಳುವ ಇಂಥ ಜೋಡಣೆಗಳಲ್ಲಿ ರೀಡರ್ ಸಾಮಾನ್ಯವಾಗಿ ಓದುವುದು ಕಾರ್ಡಿನ ಕ್ರಮಸಂಖ್ಯೆಯನ್ನು ಮಾತ್ರ. ಆ ಸಂಖ್ಯೆ ಗುಟ್ಟಿನದಲ್ಲ. ಹತ್ತಿರ ಹಿಡಿದ ಯಾವ ರೀಡರಿಗಾದರೂ ಕಾರ್ಡು ಅದನ್ನು ಹೇಳಿಬಿಡುತ್ತದೆ. ಬೇಕಾದ ಸಂಖ್ಯೆಯನ್ನು ಬರೆದುಕೊಳ್ಳಬಹುದಾದ ಖಾಲಿ ಕಾರ್ಡುಗಳು ಅಗ್ಗಕ್ಕೆ ಸಿಗುತ್ತವೆ. ಲೋಕದಲ್ಲೆಲ್ಲ ಹರಡಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ ಒಳಗಿನ ಗೂಢಲಿಪಿಯನ್ನೇ 2008ರಲ್ಲಿ ನೆದರ್ಲೆಂಡ್ಸಿನ ನೈಮೇಖನ್ ವಿಶ್ವವಿದ್ಯಾಲಯದ ಸಂಶೋಧಕರು ಮುರಿದು ತೋರಿಸಿದ್ದರು. ಇಷ್ಟೆಲ್ಲ ಏಕೆ, ಮನೆಯಲ್ಲಿ ಕಾರ್ಡು ಮೇಜಿನ ಮೇಲೇ ಬಿದ್ದಿರುತ್ತದೆ. ಅದು ಗುರುತಿಸುವುದು ಪ್ಲಾಸ್ಟಿಕ್ಕಿನ ತುಂಡನ್ನು. ಹಿಡಿದ ಕೈ ಯಾರದೆಂದು ಅದಕ್ಕೆ ಗೊತ್ತಿಲ್ಲ. ಆದರೆ ದಾಖಲೆಯಲ್ಲಿ ಮಾತ್ರ ಮನುಷ್ಯನ ಹೆಸರು ಬೀಳುತ್ತದೆ. ನಾಳೆ ಜಗಳವಾದರೆ ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ಆ ದಾಖಲೆಯನ್ನೇ ನಂಬುತ್ತಾರೆ.

ಆ ದಾಖಲೆಯಲ್ಲಿ ಏನಿರುತ್ತದೆ? ಪ್ರಿಂಟ್ ಕೊಟ್ಟವರ ಹೆಸರು, ದಿನಾಂಕ, ಗಂಟೆ, ಎಲ್ಲಕ್ಕಿಂತ ಮುಖ್ಯವಾಗಿ ಫೈಲಿನ ಹೆಸರು. ಫೈಲಿನ ಹೆಸರು ಸಣ್ಣ ವಿಷಯ ಅನ್ನಿಸಬಹುದು. ‘ವಿಚ್ಛೇದನ ಅರ್ಜಿ’, ‘ಸ್ಕ್ಯಾನಿಂಗ್ ರಿಪೋರ್ಟ್’, ‘ರಾಜೀನಾಮೆ’, ‘ಹೊಸ ಮನೆ ಬಾಡಿಗೆ ಕರಾರು’ ಎಂಬ ನಾಲ್ಕು ಸಾಲು ಓದಿದವರಿಗೆ ಒಳಗಿನ ಪುಟ ತೆರೆಯುವ ಅಗತ್ಯವೇ ಇಲ್ಲ. ಗಂಡನಿಗೆ ಇನ್ನೂ ಹೇಳದ ವಿಷಯವನ್ನು ಹೆಂಡತಿ ಪ್ರಿಂಟ್ ಮಾಡಬಹುದು. ಅಪ್ಪನಿಗೆ ಇಷ್ಟವಿಲ್ಲದ ಕೋರ್ಸಿಗೆ ಮಗಳು ಅರ್ಜಿ ಹಾಕಬಹುದು. ಮಹಡಿಯ ಟಿಬೆಟನ್ ವಿದ್ಯಾರ್ಥಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ಭಾರತದಲ್ಲಿರುವ ಟಿಬೆಟನ್ನರಲ್ಲಿ ಹೆಚ್ಚಿನವರು ನೋಂದಣಿ ಪ್ರಮಾಣಪತ್ರದ ಮೇಲೆ ಬದುಕುವವರು. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು, ವಿದೇಶಕ್ಕೆ ಹೋಗಲು ಗುರುತಿನ ಪುಸ್ತಕ ಬೇರೆ. ಅವರು ಪ್ರಿಂಟ್ ಮಾಡುವ ಕಾಗದಗಳ ಪಟ್ಟಿ ಎಂದರೆ ಅವರ ಮುಂದಿನ ಹೆಜ್ಜೆಗಳ ಪಟ್ಟಿ. ಅದು ಮನೆಯ ಮಾಲೀಕರ ಕೈಯಲ್ಲಿ ಏಕಿರಬೇಕು?

ಮಾಲೀಕರು ಒಳ್ಳೆಯವರು, ಮಗ ಅದನ್ನೆಲ್ಲ ಓದುವವನಲ್ಲ ಎನ್ನಬಹುದು. ಇರಬಹುದು. ಆದರೆ ಇಲ್ಲಿ ಅವರ ಒಳ್ಳೆಯತನ ಬಿಟ್ಟರೆ ಬೇರೆ ರಕ್ಷಣೆ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ಸ್ವಂತ ಅಥವಾ ಮನೆಬಳಕೆಗಾಗಿ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದಿಲ್ಲ ಎಂದು 3ನೇ ಸೆಕ್ಷನ್ನಿನಲ್ಲೇ ಹೇಳಿದೆ. ಹೆಂಡತಿ ಏನು ಪ್ರಿಂಟ್ ಮಾಡಿದಳೆಂದು ಗಂಡನ ಯಂತ್ರ ಬರೆದಿಟ್ಟರೆ ಆ ಕಾಯ್ದೆ ಅಡ್ಡ ಬರುವುದಿಲ್ಲ. ಕಾನೂನು ಬಾಗಿಲ ಹೊರಗೆ ನಿಂತಿರುವಲ್ಲಿ ಮನೆಯವರೇ ಹೆಚ್ಚು ಎಚ್ಚರವಾಗಿರಬೇಕು.

ಮನೆಯ ಹೊರಗೆ ಏನಾಗಿದೆ ನೋಡಿ. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಗಿರಾಕಿ ಗುರುತಿನ ಚೀಟಿ ತೋರಿಸಬೇಕು, ಅಂಗಡಿಯವರು ಬಂದವರ ವಿವರವನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಬೇಕೆಂದರೆ ಆಧಾರ್ ಕಾರ್ಡನ್ನು ಅಂಗಡಿಯವರ ವಾಟ್ಸಾಪಿಗೆ ಕಳಿಸುವುದೇ ಈಗಿನ ರೂಢಿ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು, ಆಧಾರ್ ನಕಲನ್ನು ಎಲ್ಲೆಂದರಲ್ಲಿ ಕೊಡಬೇಡಿ, ಅಂಕಿ ಮರೆಮಾಡಿದ ಪ್ರತಿ ಬಳಸಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬೇಡಿ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿಯಬಹುದು ಎಂಬ ಕಾರಣ ಕೊಟ್ಟು ಅದನ್ನು ಹಿಂದಕ್ಕೆ ಪಡೆಯಲಾಯಿತು. ಬಣ್ಣದ ಲೇಸರ್ ಪ್ರಿಂಟರುಗಳಲ್ಲಿ ಹಲವು, ಪ್ರತಿ ಹಾಳೆಯ ಮೇಲೂ ಬರಿಗಣ್ಣಿಗೆ ಕಾಣದ ಹಳದಿ ಚುಕ್ಕೆಗಳನ್ನು ಇಡುತ್ತವೆ. ಜೆರಾಕ್ಸ್ ಕಂಪನಿಯ ಒಂದು ಮಾದರಿಯ ಚುಕ್ಕೆಗಳಲ್ಲಿ ಯಂತ್ರದ ಸಂಖ್ಯೆ, ದಿನಾಂಕ, ಗಂಟೆ ಅಡಗಿವೆ ಎಂದು 2005ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಬಿಡಿಸಿ ತೋರಿಸಿತು. 1983ರಲ್ಲಿ ರೊಮೇನಿಯದ ಚೌಶೆಸ್ಕು ಸರ್ಕಾರ ಟೈಪ್‌ರೈಟರ್ ಇಟ್ಟುಕೊಂಡವರೆಲ್ಲ ಪೊಲೀಸರಲ್ಲಿ ನೋಂದಾಯಿಸಿ, ಅಕ್ಷರಗಳ ಮಾದರಿ ಕೊಡಬೇಕೆಂದು ಆಜ್ಞೆ ಮಾಡಿತ್ತು. ಕಾಗದದ ಮೇಲೆ ಅಕ್ಷರ ಮೂಡಿಸುವವರ ಮೇಲೆ ಕಣ್ಣಿಡುವ ಆಸೆ ಹೊರಗಿನ ಲೋಕಕ್ಕೆ ಯಾವಾಗಲೂ ಇದೆ. ಅದರಿಂದ ತಪ್ಪಿಸಿಕೊಂಡು ನಾಲ್ಕು ಹಾಳೆ ಪ್ರಿಂಟ್ ಮಾಡಿಕೊಳ್ಳಲು ಉಳಿದಿರುವ ಜಾಗ ಮನೆ. ಅಲ್ಲೂ ನಾವೇ ರಿಜಿಸ್ಟರ್ ತೆರೆದರೆ ಹೇಗೆ?

ಈ ವಿಷಯದಲ್ಲಿ ಸಾರನಾಥಕ್ಕೇ ಒಂದು ಹಳೆಯ ಮಾತಿದೆ. 1904-05ರಲ್ಲಿ ಓರ್ಟೆಲ್ ನಡೆಸಿದ ಉತ್ಖನನದಲ್ಲಿ ನಮ್ಮ ರಾಷ್ಟ್ರಲಾಂಛನವಾದ ಸಿಂಹಶೀರ್ಷದ ಜೊತೆ ಅಶೋಕನ ಶಾಸನವಿರುವ ಮುರಿದ ಕಂಬವೂ ಸಿಕ್ಕಿತು. ಅದು ಮೃದುವಾದ ಶಾಸನವಲ್ಲ. ಸಂಘವನ್ನು ಒಡೆಯುವ ಭಿಕ್ಷು ಭಿಕ್ಷುಣಿಯರಿಗೆ ಬಿಳಿ ಬಟ್ಟೆ ಉಡಿಸಿ ವಿಹಾರದ ಹೊರಗೆ ಇರಿಸಬೇಕೆಂಬ ಶಿಸ್ತಿನ ಆಜ್ಞೆ. ಆದರೆ ಅದೇ ಆಜ್ಞೆ ತನ್ನ ಪ್ರತಿಗಳ ಬಗ್ಗೆಯೂ ಹೇಳುತ್ತದೆ. ಒಂದು ಪ್ರತಿ ಅಧಿಕಾರಿಗಳ ಬಳಿ ಇರಲಿ, ಅಂಥದೇ ಇನ್ನೊಂದು ಪ್ರತಿ ಉಪಾಸಕರ ಬಳಿ, ಎಂದರೆ ಸಂಸಾರಸ್ಥರ ಬಳಿ ಇರಲಿ. ಪ್ರತಿ ಉಪೋಸಥದ ದಿನ ಅವರು ಬಂದು ಅದನ್ನು ಮನವರಿಕೆ ಮಾಡಿಕೊಳ್ಳಲಿ. ಶಿಸ್ತು ಹೇರಲು ಹೊರಟ ಚಕ್ರವರ್ತಿಗೂ ಪ್ರತಿ ಜನರ ಕೈಯಲ್ಲಿರಬೇಕು ಎಂಬುದು ಹೊಳೆದಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ಬರೆದವನು ತಾನಾಗಿ ಹೆಸರು ಹಾಕಿದ್ದಾನೆ. ಓದಿದವರ ಪಟ್ಟಿ ಯಾವ ಬಂಡೆಯ ಮೇಲೂ ಇಲ್ಲ.

ಕನ್ನಡದಲ್ಲಿ ಈ ಕೆಲಸಕ್ಕೆ ಎರಡು ಪದಗಳಿವೆ. ಮುದ್ರಣ ಬಂದದ್ದು ಮುದ್ರೆಯಿಂದ. ರಾಜಮುದ್ರೆ, ಮುದ್ರೆಯುಂಗುರ ಎನ್ನುವಾಗ ಅದರ ಹಿಂದೆ ಒಬ್ಬ ಅಧಿಕಾರಸ್ಥ ಇದ್ದೇ ಇರುತ್ತಾನೆ. ಅಚ್ಚು ಹಾಗಲ್ಲ. ಬೆಲ್ಲದ ಅಚ್ಚು, ಸಂಕ್ರಾಂತಿಯ ಸಕ್ಕರೆ ಅಚ್ಚು ಮನೆಯ ಸಾಮಾನು. ಪಕ್ಕದ ಮನೆಯವರು ಕೇಳಿದರೆ ಕೊಡುತ್ತೇವೆ, ಎಷ್ಟು ಗೊಂಬೆ ಮಾಡಿದಿರಿ ಎಂದು ಪುಸ್ತಕದಲ್ಲಿ ಬರೆದಿಡುವುದಿಲ್ಲ. ಮನೆಯ ಪ್ರಿಂಟರು ಸೇರಬೇಕಾದದ್ದು ಈ ಎರಡನೆಯ ಸಾಲಿಗೆ.

ಹಾಗಾದರೆ ಟೋನರಿನ ಜಗಳ? ಅದು ನಿಜವಾದ ಜಗಳವೇ. ಆದರೆ ಖರ್ಚು ಹಂಚಿಕೊಳ್ಳಲು ಬೇಕಾದದ್ದು ಪುಟಗಳ ಸಂಖ್ಯೆ ಮಾತ್ರ, ಪುಟಗಳ ಹೆಸರಲ್ಲ. ಒಟ್ಟು ಎಷ್ಟು ಪುಟ ಹೊರಬಂತೆಂದು ಬಹುತೇಕ ಲೇಸರ್ ಪ್ರಿಂಟರುಗಳು ತಾವೇ ಎಣಿಸಿಕೊಳ್ಳುತ್ತವೆ. ಪುಟಕ್ಕಿಷ್ಟು ಎಂದು ಗೊತ್ತುಮಾಡಿ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟರೆ ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸ ಬಂದೀತು. ಐದಾರು ಜನರ ಮನೆಯಲ್ಲಿ ಅಷ್ಟನ್ನು ನಂಬಿಕೆಯ ಮೇಲೆ ಬಿಡಲಾಗದಿದ್ದರೆ, ಆ ಕೊರತೆಯನ್ನು ಯಾವ ಕಾರ್ಡೂ ತುಂಬುವುದಿಲ್ಲ.

ಟ್ರೇಯಲ್ಲಿ ಬೀಳುವ ಹಾಳೆಗೂ ಕಾರ್ಡು ಬೇಕಿಲ್ಲ. ಬಂದ ಫೈಲನ್ನೆಲ್ಲ ತಡೆಹಿಡಿ ಎಂದು ಕಪ್ಸ್‌ಗೆ ಒಂದು ಸೂಚನೆ ಕೊಟ್ಟರೆ ಸಾಕು. ಪ್ರಿಂಟರಿನ ಮುಂದೆ ನಿಂತು ಅವರವರ ಫೋನಿನಿಂದಲೇ ಅವರವರ ಫೈಲನ್ನು ಬಿಡುಗಡೆ ಮಾಡಿಕೊಳ್ಳಬಹುದು. ಪ್ರಿಂಟರಿನಲ್ಲೇ ಅಂಕಿ ಒತ್ತುವ ಫಲಕವಿದ್ದರೆ, ಕಳಿಸುವಾಗ ತಾವೇ ಆರಿಸಿದ ನಾಲ್ಕಂಕಿ ಒತ್ತಿ ಹಾಳೆ ಪಡೆಯುವ ಸೌಲಭ್ಯ ಎಷ್ಟೋ ಮಾದರಿಗಳಲ್ಲಿದೆ. ಕಪ್ಸ್ ತಯಾರಿಸಿದವರು ಫೈಲಿನ ಹೆಸರು ಖಾಸಗಿ ಎಂದೇ ಎಣಿಸಿ, ಕೊಟ್ಟವರಿಗೂ ವ್ಯವಸ್ಥಾಪಕರಿಗೂ ಬಿಟ್ಟು ಉಳಿದವರಿಗೆ ಕಾಣದಂತೆ ಮಾಡಿದ್ದಾರೆ. ಆದರೆ ಏನೂ ಬದಲಿಸದಿದ್ದರೆ ಅದು ಮುಗಿದ ಕೆಲಸಗಳ ಚರಿತ್ರೆಯನ್ನು ಉಳಿಸಿಕೊಳ್ಳುತ್ತದೆ, ಫೈಲನ್ನೇ 86,400 ಸೆಕೆಂಡು, ಅಂದರೆ ಒಂದು ದಿನ, ಇಟ್ಟುಕೊಳ್ಳುತ್ತದೆ. ಮನೆಯಲ್ಲಿ ಇವೆರಡನ್ನೂ ‘ಬೇಡ’ ಎಂದು ಬದಲಿಸಬೇಕು.

ಫೋನಿನ ಗೊಡವೆ ಬೇಡವೆನ್ನುವ ಹಿರಿಯರಿಗೆ ಕಾರ್ಡೇ ಸುಲಭ ಎಂಬುದು ಒಪ್ಪತಕ್ಕ ಮಾತು. ಅವರಿಗೆ ಕಾರ್ಡು ಇರಲಿ. ಅದು ಬೀಗದ ಕೈಯಂತೆ ಕೆಲಸ ಮಾಡಲಿ: ತೆರೆಯಲಿ, ತೆರೆದದ್ದನ್ನು ಮರೆಯಲಿ.

ಹೆಸರು ಬರೆದಿಡಲೇಬೇಕಾದ ಜಾಗಗಳೂ ಇವೆ. 2016ರಲ್ಲಿ ಕರ್ನಾಟಕದ ದ್ವಿತೀಯ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿ, ಮಕ್ಕಳು ಪರೀಕ್ಷೆಗಾಗಿ ಮತ್ತೆ ಮತ್ತೆ ಕಾಯಬೇಕಾಯಿತು. ಪ್ರಶ್ನೆಪತ್ರಿಕೆ ಅಚ್ಚಾಗುವಲ್ಲಿ ಯಾರು ಯಾವಾಗ ಯಂತ್ರ ಮುಟ್ಟಿದರೆಂಬ ದಾಖಲೆ ಇರಲೇಬೇಕು. ಅಲ್ಲಿ ಪ್ರಿಂಟ್ ಮಾಡುವವರು ಸಾರ್ವಜನಿಕರ ಸೊತ್ತನ್ನು ಹಿಡಿದಿರುತ್ತಾರೆ, ಲೆಕ್ಕ ಕೊಡಬೇಕು. ಮುಂಡಗೋಡಿನ ಹುಡುಗಿ ಹಿಡಿದಿರುವುದು ತನ್ನದೇ ಕಾಗದ. ಅವಳು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

ಸಾರನಾಥದ ಆ ಮಗ ಮಾಡಿದ ಕೆಲಸವನ್ನೆಲ್ಲ ಕಿತ್ತುಹಾಕುವ ಅಗತ್ಯವಿಲ್ಲ. ಸರ್ವರಿನಲ್ಲಿ ಚರಿತ್ರೆ ಉಳಿಸುವ ಸಾಲು ಆರಿಸಿ, ಕಾರ್ಡುಗಳ ಪಟ್ಟಿಯಿಂದ ಹೆಸರುಗಳನ್ನು ಅಳಿಸಿ, ಈವರೆಗೆ ಬರೆದಿಟ್ಟದ್ದನ್ನು ತೆಗೆದುಹಾಕಲಿ. ಅರ್ಧ ಗಂಟೆಯ ಕೆಲಸ. ಆಮೇಲೆ ಮಹಡಿ ಹತ್ತಿ, ಇಷ್ಟು ದಿನ ದಾಖಲೆ ಇತ್ತು, ಈಗ ಇಲ್ಲ ಎಂದು ಬಾಡಿಗೆಯವರಿಗೆ ಬಾಯಿಬಿಟ್ಟು ಹೇಳಲಿ. ದಾಖಲೆ ಇತ್ತೆಂಬುದೇ ಅವರಿಗೆ ಗೊತ್ತಿರಲಿಕ್ಕಿಲ್ಲ.