ಫ್ಯಾಟಿ ಲಿವರ್: ಲ್ಯಾಬ್ ವರದಿಯಲ್ಲಿ ಇನ್ನೊಂದು ಅಂಕಿ ಬೇಕು

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದಿದ್ದರೆ ಈಗ ಯಾರೂ ಗಾಬರಿಯಾಗುವುದಿಲ್ಲ. ‘ಎಲ್ಲರಿಗೂ ಇರುತ್ತೆ, ಸ್ವಲ್ಪ ವಾಕಿಂಗ್ ಮಾಡಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಬಹಳ ಮಂದಿಗೆ ಇರುವುದು ನಿಜವೇ. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ವಯಸ್ಕರಲ್ಲಿ ಶೇ 38ಕ್ಕೂ ಹೆಚ್ಚು ಮಂದಿಗೆ ಮದ್ಯದಿಂದ ಬಾರದ ಫ್ಯಾಟಿ ಲಿವರ್ ಇದೆ. ಇವರಲ್ಲಿ ಯಾರಿಗೆ ಕ್ಯಾನ್ಸರ್ ಅಪಾಯ ಹೆಚ್ಚು ಎಂಬುದನ್ನು ಮಾತ್ರ ಆ ಗ್ರೇಡ್ ಹೇಳುವುದಿಲ್ಲ.

ಕಾರಣವಿಷ್ಟೇ: ಗ್ರೇಡ್ ಅಳೆಯುವುದು ಕೊಬ್ಬನ್ನು. ಅಪಾಯ ಬೆಳೆಯುವುದು ಗಾಯದ ಕಲೆಯೊಂದಿಗೆ. ಕೊಬ್ಬು ತುಂಬಿದ ಲಿವರ್‌ನಲ್ಲಿ ಉರಿಯೂತ ಹುಟ್ಟಿ, ವರ್ಷಗಟ್ಟಲೆ ಮುಂದುವರಿದು, ಅಂಗಾಂಶ ಗಟ್ಟಿಯಾಗುತ್ತಾ ಕೆಲವರಲ್ಲಿ ಸಿರೋಸಿಸ್‌ಗೆ ತಿರುಗುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಸುಮಾರು 3 ಲಕ್ಷ ಫ್ಯಾಟಿ ಲಿವರ್ ರೋಗಿಗಳ ದಾಖಲೆ ಪರಿಶೀಲಿಸಿದ 2018ರ ಅಧ್ಯಯನದಲ್ಲಿ, ವರ್ಷಕ್ಕೆ 10,000 ಮಂದಿಯಲ್ಲಿ ಸುಮಾರು ಇಬ್ಬರಿಗೆ ಲಿವರ್ ಕ್ಯಾನ್ಸರ್ ಬಂದಿತ್ತು. ಸಿರೋಸಿಸ್ ಇದ್ದವರಲ್ಲಿ ಅದೇ ಲೆಕ್ಕ ನೂರನ್ನು ದಾಟಿತ್ತು. ಕ್ಯಾನ್ಸರ್ ಬಂದವರ ಪೈಕಿ ಐವರಲ್ಲಿ ಒಬ್ಬರಿಗೆ ಸಿರೋಸಿಸ್‌ನ ಕುರುಹೇ ಇರಲಿಲ್ಲ.

ಆದ್ದರಿಂದ ಎಲ್ಲರೂ ಹೆದರಬೇಕಿಲ್ಲ, ಹೆದರಬೇಕಾದವರನ್ನು ಹುಡುಕಬೇಕಿದೆ.

ದಪ್ಪಗಿರುವವರನ್ನಷ್ಟೇ ಹುಡುಕಿದರೆ ಸಾಲದು. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ಯಾಟಿ ಲಿವರ್ ಕಂಡ ಬಹುಪಾಲು ಜನರಿಗೆ ಬೊಜ್ಜೇ ಇರಲಿಲ್ಲ. ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ಇದ್ದವರು ವಿಶೇಷವಾಗಿ ಎಚ್ಚರವಾಗಿರಬೇಕು, ಏಕೆಂದರೆ ಈ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚಿಸುವ ಮುಖ್ಯ ಕಾರಣಗಳಲ್ಲಿ ಮಧುಮೇಹವೂ ಒಂದು.

ಹುಡುಕುವ ದಾರಿ ದುಬಾರಿಯೇನಲ್ಲ. ಗಾಯದ ಕಲೆಯನ್ನು ಅಂದಾಜಿಸುವ ‘ಫಿಬ್-4’ ಎಂಬ ಲೆಕ್ಕಕ್ಕೆ ವಯಸ್ಸು, ಲಿವರ್ ಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಈ ನಾಲ್ಕೇ ಸಾಕು. 55 ವರ್ಷದವರೊಬ್ಬರ ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.5 ಲಕ್ಷ ಎಂದುಕೊಳ್ಳೋಣ. ಬಹುತೇಕ ಲ್ಯಾಬ್‌ಗಳ ಪ್ರಕಾರ ಮೂರೂ ‘ನಾರ್ಮಲ್’. ಆದರೆ ಸೂತ್ರಕ್ಕೆ ಹಾಕಿದರೆ ಉತ್ತರ 2.44. ಸಾಮಾನ್ಯವಾಗಿ 1.3ಕ್ಕಿಂತ ಕಡಿಮೆ ಇದ್ದರೆ ನಿರಾಳ. ಅದಕ್ಕಿಂತ ಹೆಚ್ಚಿದ್ದರೆ ಫೈಬ್ರೋಸ್ಕ್ಯಾನ್‌ನಂಥ ಮುಂದಿನ ಪರೀಕ್ಷೆ ಬೇಕು. 65 ದಾಟಿದವರಿಗೆ ಈ ಗಡಿ 2. ಮೂವತ್ತೈದರೊಳಗಿನವರಲ್ಲಿ ಲೆಕ್ಕ ಅಷ್ಟು ನಿಖರವಲ್ಲ. ಸಿರೋಸಿಸ್ ಖಚಿತವಾದವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ನಡೆದರೆ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕಿ, ಗುಣಪಡಿಸುವ ಚಿಕಿತ್ಸೆಗೆ ಅವಕಾಶ ಉಳಿಯುತ್ತದೆ.

ಫ್ಯಾಟಿ ಲಿವರನ್ನು ಕೇಂದ್ರ ಸರ್ಕಾರ 2021ರಲ್ಲೇ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಕರ್ನಾಟಕದಲ್ಲಿ ‘ಗೃಹ ಆರೋಗ್ಯ’ ಯೋಜನೆಯ ಸಿಬ್ಬಂದಿ ಮನೆಬಾಗಿಲಿಗೇ ಬಂದು ಸಕ್ಕರೆ ಕಾಯಿಲೆ, ಬಿಪಿ ತಪಾಸಣೆ ಮಾಡುತ್ತಾರೆ. ಅಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದ ಪ್ರತಿಯೊಬ್ಬರಿಗೂ ಫಿಬ್-4 ಲೆಕ್ಕ ಹಾಕುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಬೇಕು. ಲಿವರ್ ಪರೀಕ್ಷೆಯ ಜತೆಗೆ ರಕ್ತಕಣಗಳ ಎಣಿಕೆಯನ್ನೂ ಮಾಡುವ ಖಾಸಗಿ ಲ್ಯಾಬ್‌ಗಳು ಈ ಅಂಕಿಯನ್ನು ವರದಿಯಲ್ಲೇ ಮುದ್ರಿಸಬೇಕು. ಅದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚುವರಿ ರಕ್ತವೂ ಬೇಡ.

ಪತ್ತೆಯಾದ ಮೇಲೆ ಮಾಡುವುದೇನು ಎಂಬ ಪ್ರಶ್ನೆಗೂ ಉತ್ತರವಿದೆ. ಕ್ಯೂಬಾದಲ್ಲಿ 293 ರೋಗಿಗಳು ಒಂದು ವರ್ಷ ಆಹಾರ, ವ್ಯಾಯಾಮದ ಶಿಸ್ತು ಪಾಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತೂಕದ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಶೇ 90ರಷ್ಟು ಮಂದಿಯ ಲಿವರ್ ಉರಿಯೂತ ಶಮನವಾಗಿತ್ತು. ಶೇ 45ರಷ್ಟು ಮಂದಿಯಲ್ಲಿ ಗಾಯದ ಕಲೆಯೇ ತಗ್ಗಿತ್ತು. ಮುಂದಿನ ಬಾರಿ ಫ್ಯಾಟಿ ಲಿವರ್ ಎಂಬ ವರದಿ ಕೈಗೆ ಬಂದಾಗ ವೈದ್ಯರನ್ನು ಕೇಳಿ: ‘ಡಾಕ್ಟ್ರೇ, ನನ್ನ ಫಿಬ್-4 ಎಷ್ಟಿದೆ?’