ಎದೆಗೆ ಜೆಲ್ ಬಿಲ್ಲೆಯೋ, ಒಣ ಪಟ್ಟಿಯೋ?

ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಬಸ್ ಓಡಿಸುವ ಚಾಲಕರೊಬ್ಬರಿಗೆ ಆಗಾಗ ಎದೆ ಡವಡವ ಅನ್ನುತ್ತದೆ ಎಂದಿಟ್ಟುಕೊಳ್ಳಿ. ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸುವಷ್ಟರಲ್ಲಿ ಬಡಿತ ಸರಿಹೋಗಿರುತ್ತದೆ. ಆಗ ವೈದ್ಯರು ಬಡಿತವನ್ನು ಎಡೆಬಿಡದೆ ದಾಖಲಿಸುವ ಹೋಲ್ಟರ್ ಯಂತ್ರ ಹಾಕಿಸಿಕೊಳ್ಳಿ ಎನ್ನುತ್ತಾರೆ. ಎದೆಯ ಕೂದಲು ಬೋಳಿಸಿ, ಸ್ಪಿರಿಟ್ಟಿನಲ್ಲಿ ಉಜ್ಜಿ, ಜೆಲ್ ಇರುವ ಬಿಲ್ಲೆಗಳನ್ನು ಅಂಟಿಸಿ, ಅವುಗಳ ಗುಂಡಿಗೆ ವೈರು ಸಿಕ್ಕಿಸಿ ಒಂದೆರಡು ದಿನ ಕಳಿಸುತ್ತಾರೆ. ಸ್ನಾನ ಮಾಡುವಂತಿಲ್ಲ, ಬೆವರಿದರೆ ಬಿಲ್ಲೆ ಏಳುತ್ತದೆ, ಅಂಟಿದ ಜಾಗ ತುರಿಸುತ್ತದೆ.

ಈ ಕಾಟ ತಪ್ಪಿಸಲೆಂದೇ ಜೆಲ್ ಬೇಡದ ಒಣ ಎಲೆಕ್ಟ್ರೋಡುಗಳು ಬಂದಿವೆ. ಸ್ಟೀಲು, ಬೆಳ್ಳಿ ಲೇಪಿಸಿದ ನೂಲಿನ ಬಟ್ಟೆ, ಇಂಗಾಲ ಬೆರೆಸಿದ ಸಿಲಿಕೋನ್ ರಬ್ಬರು, ವಿದ್ಯುತ್ ಹರಿಸುವ ಪಾಲಿಮರು, ಗ್ರಾಫೀನ್ ಹೀಗೆ ಪದಾರ್ಥ ಹಲವು.

ಜೆಲ್ ಪರವಾದ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಎದೆಯ ಮೇಲೆ ಸಿಗುವ ಹೃದಯದ ಸಂಕೇತ ಸುಮಾರು 1 ಮಿಲಿವೋಲ್ಟ್ ಮಾತ್ರ. ಮೈಯೊಳಗೆ ವಿದ್ಯುತ್ತನ್ನು ಒಯ್ಯುವುದು ಅಯಾನುಗಳು, ವೈರಿನಲ್ಲಿ ಎಲೆಕ್ಟ್ರಾನುಗಳು. ಇವೆರಡರ ನಡುವಿನ ಕೈಬದಲಾವಣೆಯನ್ನು ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡಿನ ಬಿಲ್ಲೆ ಗದ್ದಲವಿಲ್ಲದೆ ಮಾಡುತ್ತದೆ; ಜೆಲ್ಲಿನ ಉಪ್ಪುನೀರು ಚರ್ಮದ ಸತ್ತ ಪದರಕ್ಕೆ ಇಳಿದು ಅದರ ತಡೆಯನ್ನು ತಗ್ಗಿಸುತ್ತದೆ. ಒಣ ಪಟ್ಟಿಗೆ ಈ ಅನುಕೂಲ ಇಲ್ಲ. ಚಾಲಕರು ಸ್ಟೀರಿಂಗ್ ತಿರುಗಿಸಿದರೆ ಪಟ್ಟಿ ಜರುಗಿ, ಇಸಿಜಿ ಗೆರೆ ಮೇಲೆ ಕೆಳಗೆ ಹೊಯ್ದಾಡುತ್ತದೆ. ಹೊಯ್ದಾಟವನ್ನು ಯಂತ್ರ ರೋಗವೆಂದು ಓದಿದರೆ ಸುಮ್ಮನೆ ಗಾಬರಿ.

ಒಣ ಪಟ್ಟಿಯ ಪರವಾಗಿಯೂ ಗಟ್ಟಿ ಕಾರಣಗಳಿವೆ. ಜೆಲ್ ಕ್ರಮೇಣ ಆರುತ್ತದೆ, ಆಗ ಗೆರೆಯೂ ಕೆಡುತ್ತದೆ. ಒಣ ಪಟ್ಟಿ ತದ್ವಿರುದ್ಧ: ಮೈ ಬೆವರಿದಷ್ಟೂ ಸುಧಾರಿಸುತ್ತದೆ. ಓಟಗಾರರು ಬಡಿತ ಎಣಿಸುವ ಎದೆಪಟ್ಟಿ ಕಟ್ಟುವ ಮುಂಚೆ ಅದಕ್ಕೆ ನೀರು ಸವರುವುದು ಇದಕ್ಕೇ. ವಾರಗಟ್ಟಲೆ ತೊಡಬಹುದು, ಮತ್ತೆ ಬಳಸಬಹುದು. ಅಪರೂಪಕ್ಕೆ ಬಂದು ಹೋಗುವ ತಾಳ ತಪ್ಪಿದ ಬಡಿತ ಸಿಕ್ಕಿಬೀಳುವುದು ಇಷ್ಟು ದೀರ್ಘ ಕಾವಲಿನಲ್ಲೇ. ಆದರೆ ಪದಾರ್ಥಕ್ಕೊಂದು ಕೊರತೆ: ಬೆಳ್ಳಿ ನೂಲು ಒಗೆದಂತೆ ಸವೆಯುತ್ತದೆ, ರಬ್ಬರು ಮೆತ್ತಗಿದ್ದರೂ ವಿದ್ಯುತ್ ಹರಿಸುವುದರಲ್ಲಿ ಲೋಹಕ್ಕೆ ಸಮವಲ್ಲ, ಸ್ಟೀಲಿನ ನಿಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ.

ಆದರೆ ಲಯ ತಪ್ಪುವುದು ಬೇರೆ, ಹೃದಯಾಘಾತ ಬೇರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಪುನೀತ್ ಹೆಸರಿನ, ರಾಜ್ಯ ಸರ್ಕಾರದ ಹೃದಯಜ್ಯೋತಿ ಯೋಜನೆಯೂ ನಿಂತಿರುವುದು ಆಸ್ಪತ್ರೆಯಲ್ಲಿ ತೆಗೆಯುವ ಇಸಿಜಿಯ ಮೇಲೆ. 2018ರಲ್ಲಿ ಜೆಲ್ ಬೇಡದ ಇಸಿಜಿ ವಾಚು ತಂದ ಆಪಲ್ ಕಂಪನಿ ಕೂಡ, ಅದು ಹೃದಯಾಘಾತ ಪತ್ತೆ ಮಾಡುವುದಿಲ್ಲ ಎಂದು ತಾನೇ ಹೇಳುತ್ತದೆ.

ಹಾಗಾಗಿ ಬಡಿತದ ಲಯವನ್ನು ದಿನಗಟ್ಟಲೆ ಕಾಯಬೇಕಿದ್ದರೆ ಒಣ ಪಟ್ಟಿಯೇ ಮುಂದು. ನಿಖರ ಗೆರೆ ಬೇಕಾದಲ್ಲಿ ಜೆಲ್ಲಿಗೆ ಇನ್ನೂ ಸಾಟಿಯಿಲ್ಲ. ಎದೆ ಹಿಂಡಿದಂತಾಗಿ ಎಡಗೈಗೆ ನೋವು ಇಳಿದರೆ ಮಾತ್ರ ವಾಚಿನ ಗೆರೆ ನೋಡುತ್ತ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ 12 ಲೀಡ್ ಇಸಿಜಿ ತೆಗೆಸಿ.